ಕೊನೆಯ ಪೆಗ್ ಯಾವಾಗ? ಮದ್ಯದ ವಿತ್‌ಡ್ರಾವಲ್ ಮತ್ತು ನರ್ಸಿಂಗ್ ಆರೈಕೆ

ಮದ್ಯದ ವಿತ್‌ಡ್ರಾವಲ್ ಅಂದರೆ ಕುಡಿತಕ್ಕೆ ಒಗ್ಗಿಹೋದ ಮೈಗೆ ಮದ್ಯ ದಿಢೀರನೆ ನಿಂತಾಗ ಬರುವ ತೊಂದರೆ. ಮೆಂಟಲ್ ಹೆಲ್ತ್ ನರ್ಸಿಂಗ್ ಪೇಪರ್‌ನಲ್ಲಿ ಇದರ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ ಥರ. ವ್ಯಾಖ್ಯೆ, ಕಾರಣ, ಲಕ್ಷಣ, ಚಿಕಿತ್ಸೆ, ಕೊನೆಗೆ ನಾಲ್ಕು ನರ್ಸಿಂಗ್ ಡಯಾಗ್ನೋಸಿಸ್. ಮಾರ್ಕ್ಸ್ ಬರುತ್ತದೆ. ಆದರೆ ಈ ರೋಗಿ ಸೀದಾ ಸೈಕಿಯಾಟ್ರಿ ವಾರ್ಡಿಗೆ ಬರುವುದು ಕಡಿಮೆ. ಕಾಲು ಮುರಿದುಕೊಂಡು ಆರ್ಥೋಗೆ ಬರುತ್ತಾನೆ, ಹೊಟ್ಟೆನೋವು ಅಂತ ಸರ್ಜರಿಗೆ ಬರುತ್ತಾನೆ. ನಾನು ನೋಡಿದ ಮೊದಲ ಕೇಸೂ ಹಾಗೇ.

ಗಾರೆ ಕೆಲಸದವರು. ವಯಸ್ಸು ನಲವತ್ತರ ಆಸುಪಾಸು. ಸಾರವೆಯಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಅಡ್ಮಿಷನ್ ಬರೆಯುವಾಗ "ಕುಡಿಯೋ ಅಭ್ಯಾಸ ಇದೆಯಾ?" ಅಂತ ಕೇಳಿದೆ. ಪಕ್ಕದಲ್ಲೇ ಅವರ ಮಾವ ನಿಂತಿದ್ದರು. ಹೆಂಡತಿ ತಲೆ ತಗ್ಗಿಸಿ "ಇಲ್ಲ ಸಿಸ್ಟರ್, ಯಾವಾಗಾದ್ರೂ ಹಬ್ಬಕ್ಕೆ" ಅಂದರು. ನಾನು ಅದನ್ನೇ ಬರೆದೆ. ಮೊದಲ ದಿನ ಕೈ ನಡುಗುತ್ತಿತ್ತು, ನೋವಿಗೆ ಅಂದುಕೊಂಡೆವು. ಎರಡನೇ ದಿನ ಬೆವರು, ನಿದ್ದೆ ಇಲ್ಲ, ಪಲ್ಸ್ 110. ಮೂರನೇ ರಾತ್ರಿ ನೋಡಿದರೆ ಮಂಚದ ಮೇಲೆ ಕೂತು ಗೋಡೆಗೆ ಗಾರೆ ಹಚ್ಚುತ್ತಿದ್ದರು. ಕೈಯಲ್ಲಿ ಕರಣೆ ಇಲ್ಲ, ಆದರೂ ಕೈ ಕರಣೆ ಹಿಡಿದ ಹಾಗೇ ಮೇಲೆ ಕೆಳಗೆ ಓಡುತ್ತಿತ್ತು. ನನ್ನನ್ನು ಯಾರೋ ಹುಡುಗ ಅಂದುಕೊಂಡು "ಲೋ, ಸಿಮೆಂಟ್ ಕಲಸಿ ತಗೊಂಡ್ ಬಾರೋ" ಅಂತ ಕೂಗಿದರು.

ಇದೇ ಡೆಲಿರಿಯಂ ಟ್ರೆಮೆನ್ಸ್, ವಿತ್‌ಡ್ರಾವಲ್‌ನ ಅತಿ ತೀವ್ರ ರೂಪ, ಚಿಕ್ಕದಾಗಿ ಡಿ.ಟಿ. ಈ ಸ್ಥಿತಿಯಲ್ಲಿ ಕೆಲವರು ದಿನವೂ ಮಾಡುವ ಕೆಲಸವನ್ನೇ ಗಾಳಿಯಲ್ಲಿ ಮಾಡುತ್ತಾರೆ. ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಾನೆ, ದರ್ಜಿ ಸೂಜಿಗೆ ದಾರ ಪೋಣಿಸುತ್ತಾನೆ. ಪುಸ್ತಕದಲ್ಲಿ ಇದಕ್ಕೆ ಆಕ್ಯುಪೇಷನಲ್ ಡೆಲಿರಿಯಂ ಅಂತ ಹೆಸರು. ನನ್ನ ಅಡ್ಮಿಷನ್ ನೋಟ್‌ನಲ್ಲಿ ಒಂದೇ ಒಂದು ಸಾಲು ಕಡಿಮೆ ಇತ್ತು: ಕೊನೆಯ ಸಲ ಕುಡಿದದ್ದು ಯಾವಾಗ. ಅದು ಗೊತ್ತಿದ್ದರೆ ಮೂರನೇ ರಾತ್ರಿಗೆ ನಾವು ಮೊದಲ ದಿನವೇ ತಯಾರಾಗುತ್ತಿದ್ದೆವು.

ಮೈ ಯಾಕೆ ಹೀಗೆ ಕೆರಳುತ್ತದೆ?

ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಮಿದುಳಿನಲ್ಲಿ ಒಂದು ಕಡೆ ಗಾಬಾ ಅನ್ನುವ ರಾಸಾಯನಿಕ, ಅದು ನರಗಳನ್ನು ತಣ್ಣಗಿಡುತ್ತದೆ. ಇನ್ನೊಂದು ಕಡೆ ಗ್ಲುಟಮೇಟ್, ಅದು ಚುರುಕುಗೊಳಿಸುತ್ತದೆ. ಮದ್ಯ ಗಾಬಾ ಕಡೆ ಸೇರಿಕೊಂಡು ಎಳೆಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮಿದುಳು ಸುಮ್ನೆ ಕೂರುವುದಿಲ್ಲ. ಗಾಬಾ ಕಡೆಯ ಬಲ ಇಳಿಸಿ, ಗ್ಲುಟಮೇಟ್ ಕಡೆ ಆಳು ಜಾಸ್ತಿ ಮಾಡಿ ಹಗ್ಗವನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ಈಗ ಮದ್ಯ ದಿಢೀರನೆ ಹಗ್ಗ ಬಿಟ್ಟರೆ? ಎಲ್ಲರೂ ಗ್ಲುಟಮೇಟ್ ಕಡೆಗೇ ಉರುಳುತ್ತಾರೆ. ನಡುಕ, ಬೆವರು, ಬಿ.ಪಿ. ಏರಿಕೆ, ಫಿಟ್ಸ್, ಎಲ್ಲವೂ ಆ ಉರುಳಾಟವೇ. ಡಯಾಜೆಪಾಮ್ ಗುಂಪಿನ ಮಾತ್ರೆ ಯಾಕೆ ಕೊಡುತ್ತಾರೆ ಅನ್ನುವುದೂ ಇಲ್ಲೇ ಅರ್ಥವಾಗುತ್ತದೆ. ಅದು ಗಾಬಾ ಕಡೆ ಹಗ್ಗ ಹಿಡಿಯುತ್ತದೆ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಬಹುದು.

ಗಡಿಯಾರ

ಕೊನೆಯ ಗುಟುಕಿನಿಂದ ಲೆಕ್ಕ ಹಾಕಿ. 6ರಿಂದ 12 ಗಂಟೆಯಲ್ಲಿ ಕೈ ನಡುಕ, ಗಾಬರಿ, ವಾಕರಿಕೆ, ಬೆವರು. 12ರಿಂದ 24 ಗಂಟೆಯಲ್ಲಿ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ, ಇದಕ್ಕೆ ಹಾಲೂಸಿನೋಸಿಸ್ ಅಂತ ಹೆಸರು. ಆದರೆ ಆಗ ತಾನು ಎಲ್ಲಿದ್ದೇನೆ ಅನ್ನುವ ಅರಿವು ಸರಿಯಾಗೇ ಇರುತ್ತದೆ. ಫಿಟ್ಸ್ ಬರುವುದು ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಡಿ.ಟಿ. ಬರುವುದು 48ರಿಂದ 96 ಗಂಟೆಯಲ್ಲಿ. ಅಲ್ಲಿ ಭ್ರಮೆಯ ಜೊತೆ ಗೊಂದಲ, ಜ್ವರ, ಪಲ್ಸ್ ಮತ್ತು ಬಿ.ಪಿ. ಏರಿಕೆ ಎಲ್ಲವೂ ಸೇರುತ್ತವೆ. ವೈವಾದಲ್ಲಿ ಹಾಲೂಸಿನೋಸಿಸ್‌ಗೂ ಡಿ.ಟಿ.ಗೂ ವ್ಯತ್ಯಾಸ ಕೇಳಿದರೆ ಅರಿವು ಅನ್ನುವ ಒಂದು ಪದ ಹಿಡಿದುಕೊಳ್ಳಿ. ಸರಿಯಾದ ಚಿಕಿತ್ಸೆ ಇಲ್ಲದ ಕಾಲದಲ್ಲಿ ಡಿ.ಟಿ. ಬಂದ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಈಗ ಆ ಲೆಕ್ಕ 5%ಗಿಂತ ಕೆಳಗಿದೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ನಮ್ಮ ರಾಜ್ಯದ ಮದ್ಯದಂಗಡಿಗಳೆಲ್ಲ ಒಮ್ಮೆಲೇ ಬಂದ್ ಆದವು. ಮತ್ತೆ ತೆರೆದದ್ದು ಮೇ 4ಕ್ಕೆ. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಡೆಲಿರಿಯಂ ಅಂತ ಬಂದವರು ಜಾಸ್ತಿಯಾದದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದ್ದಾರೆ. ಕುಡಿತ ಬಿಟ್ಟರೆ ಒಳ್ಳೆಯದೇ ಅಲ್ವಾ ಅಂತ ನಾವು ಅಂದುಕೊಳ್ಳುತ್ತೇವೆ. ಮೈ ಅದಕ್ಕೆ ಒಗ್ಗಿಹೋದವರು ಔಷಧವಿಲ್ಲದೆ ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ. ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ಕೇಳುವ ರೀತಿ

"ಕುಡೀತೀರಾ?" ಅನ್ನುವುದು ಕೆಟ್ಟ ಪ್ರಶ್ನೆ. ಇಲ್ಲ ಅನ್ನುವುದು ಸುಲಭ. ಮೊದಲು ನೆಂಟರನ್ನು ಹೊರಗೆ ಕಳಿಸಿ. ಆಮೇಲೆ "ದಿನಕ್ಕೆ ಎಷ್ಟಾಗುತ್ತೆ ಅಣ್ಣಾ? ನೈಂಟಿನಾ, ಕ್ವಾರ್ಟರಾ?" ಅಂತ ಮಾಮೂಲಿ ದನಿಯಲ್ಲಿ ಕೇಳಿ. "ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗುತ್ತಾ? ಸ್ವಲ್ಪ ತಗೊಂಡ್ರೆ ನಿಲ್ಲುತ್ತಾ?" ಇದಕ್ಕೆ ಹೌದು ಅಂದರೆ ಮೈ ಅವಲಂಬಿಸಿದೆ ಅಂತಲೇ ಲೆಕ್ಕ. "ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಏನೇನೋ ಮಾತಾಡಿದ್ರಾ?" ಈ ಪ್ರಶ್ನೆ ಬಿಡಲೇಬೇಡಿ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಕೊನೆಗೆ ದಿನ ಮತ್ತು ಗಂಟೆ. "ನಿನ್ನೆ" ಅಂತ ಬರೆದರೆ ಸಾಲದು, "ನಿನ್ನೆ ರಾತ್ರಿ 9" ಅಂತ ಬೇಕು.

ಲೆಕ್ಕವೂ ಕಷ್ಟವಿಲ್ಲ. ನಮ್ಮ ವಿಸ್ಕಿ, ಬ್ರಾಂದಿ, ರಮ್‌ನಲ್ಲಿ ಆಲ್ಕೋಹಾಲ್ 42.8%. ಹಾಗಾಗಿ 30 ಮಿ.ಲೀ.ಗೆ ಹೆಚ್ಚುಕಮ್ಮಿ 10 ಗ್ರಾಂ. ನೈಂಟಿಗೆ (90 ಮಿ.ಲೀ.) 30 ಗ್ರಾಂ, ಕ್ವಾರ್ಟರ್‌ಗೆ (180 ಮಿ.ಲೀ.) 60. "ಬರೀ ಬಿಯರ್ ಸಿಸ್ಟರ್" ಅಂದರೂ ಮೋಸಹೋಗಬೇಡಿ. 8% ಇರುವ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ, ನೈಂಟಿಗಿಂತ ಜಾಸ್ತಿ.

ಸಿವಾ ಸ್ಕೋರ್

ವಿತ್‌ಡ್ರಾವಲ್ ಎಷ್ಟು ಜೋರಾಗಿದೆ ಅಂತ ಅಳೆಯುವ ಸಿಐಡಬ್ಲ್ಯೂಎ-ಎಆರ್ ಅನ್ನುವ ಚಾರ್ಟನ್ನು ವಾರ್ಡಿನಲ್ಲಿ ಸಿವಾ ಅನ್ನುತ್ತಾರೆ. ಒಟ್ಟು 10 ಅಂಶ: ವಾಕರಿಕೆ, ನಡುಕ, ಬೆವರು, ಗಾಬರಿ, ಚಡಪಡಿಕೆ, ತಲೆನೋವು, ಸ್ಪರ್ಶ, ಶಬ್ದ ಮತ್ತು ನೋಟದ ಏರುಪೇರು, ಕೊನೆಗೆ ಅರಿವು. ಒಂಬತ್ತಕ್ಕೆ 0ರಿಂದ 7, ಅರಿವಿಗೆ ಮಾತ್ರ 0ರಿಂದ 4. ಅದಕ್ಕೇ ಒಟ್ಟು 67. ಎಂಸಿಕ್ಯೂನಲ್ಲಿ 70 ಅಂತ ಗುರುತು ಹಾಕಿ ನಾನೇ ಒಂದು ಮಾರ್ಕ್ ಕಳೆದುಕೊಂಡಿದ್ದೇನೆ. 8ಕ್ಕಿಂತ ಕಡಿಮೆ ಇದ್ದರೆ ಸೌಮ್ಯ, 8ರಿಂದ 15 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ.

ನಡುಕ ನೋಡಲು ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಲು ಹೇಳಿ. ಕಣ್ಣಿಗೆ ಕಾಣದಿದ್ದರೆ ನಿಮ್ಮ ಬೆರಳ ತುದಿಯನ್ನು ಅವರ ಬೆರಳ ತುದಿಗೆ ತಾಗಿಸಿ. ಒಳಗಿನ ಸಣ್ಣ ಕಂಪನ ಅಲ್ಲಿ ಸಿಗುತ್ತದೆ, ಅದಕ್ಕೆ 1. ಅಂಗೈ ಬರೀ ಒದ್ದೆಯಿದ್ದರೆ ಬೆವರಿಗೆ 1, ಹಣೆಯ ಮೇಲೆ ಹನಿ ನಿಂತಿದ್ದರೆ 4. ಪಲ್ಸ್, ಬಿ.ಪಿ. ಚಾರ್ಟಿನಲ್ಲಿ ಬರೆಯುತ್ತೇವೆ, ಆದರೆ ಸ್ಕೋರಿಗೆ ಸೇರಿಸುವುದಿಲ್ಲ. ಹಾಗಂತ ಬಿಡಬೇಡಿ. ಇನ್ನೊಂದು ಮಾತು: ಈ ಸ್ಕೋರ್ ರೋಗಿಯ ಉತ್ತರದ ಮೇಲೆ ನಿಂತಿದೆ. ಪೂರ್ತಿ ಗೊಂದಲದಲ್ಲಿರುವವರಿಗೆ ಇದನ್ನು ನಂಬಿ ಕೂರುವಂತಿಲ್ಲ. ಅಲ್ಲಿ ನಮ್ಮ ಕಣ್ಣೇ ಚಾರ್ಟ್.

ಔಷಧ ಕೊಡುವಾಗ

ಸಾಮಾನ್ಯವಾಗಿ ಆರ್ಡರ್ ಇರುವುದು ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್. ಇವೆರಡೂ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ, ಹಾಗಾಗಿ ನಿಧಾನವಾಗಿ ಇಳಿಸಲು ಅನುಕೂಲ. ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ಊದಿದ್ದರೆ, ವಯಸ್ಸಾಗಿದ್ದರೆ ಅದೇ ಗುಂಪಿನ ಲೋರಾಜೆಪಾಮ್‌ಗೆ ಹೋಗುತ್ತಾರೆ. ಹಾಳಾದ ಲಿವರ್‌ಗೂ ಅದನ್ನು ನಿಭಾಯಿಸುವುದು ಸುಲಭ. ಪ್ರತಿ ಡೋಸ್‌ಗೆ ಮುಂಚೆ ಉಸಿರಾಟ ಎಣಿಸಿ. 12ಕ್ಕಿಂತ ಕಡಿಮೆ ಇದ್ದರೆ, ಎಬ್ಬಿಸಿದರೂ ಏಳದಿದ್ದರೆ ಡೋಸ್ ತಡೆದು ಡ್ಯೂಟಿ ಡಾಕ್ಟರಿಗೆ ಹೇಳಿ. ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ಸುಮ್ಮನಾಗಿಸುವುದು ಸರಿಯಲ್ಲ. ಅದು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ.

ಬಿದ್ದು ಬಂದವರಲ್ಲಿ ಇನ್ನೊಂದು ಅನುಮಾನ ಸದಾ ಇರಲಿ. ಗೊಂದಲಕ್ಕೆ ತಲೆಯೊಳಗಿನ ರಕ್ತಸ್ರಾವವೂ ಕಾರಣವಾಗಬಹುದು. ಪಾಪೆ, ಜಿಸಿಎಸ್ (ಪ್ರಜ್ಞೆಯ ಮಟ್ಟದ ಸ್ಕೋರ್) ನೋಡದೆ ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಬೇಡಿ. ಬೆರಳು ಚುಚ್ಚಿ ಶುಗರ್ ನೋಡುವ ಜಿಆರ್‌ಬಿಎಸ್ ಕೂಡ ಮಾಡಿ, ಶುಗರ್ ಇಳಿದಾಗಲೂ ಬೆವರು, ನಡುಕ ಇದೇ ಥರ.

ಥಯಮಿನ್ ಮೊದಲು

ಇದು ಎಲ್ಲರ ಬಾಯಲ್ಲೂ ಇರುವ ಸೂತ್ರ, ಕಾರಣ ಮಾತ್ರ ಕೆಲವರಿಗಷ್ಟೇ ಗೊತ್ತು. ಗ್ಲೂಕೋಸನ್ನು ಶಕ್ತಿಯಾಗಿಸಲು ಜೀವಕೋಶಕ್ಕೆ ಥಯಮಿನ್, ಅಂದರೆ ಬಿ1, ಬೇಕು. ತುಂಬಾ ದಿನದಿಂದ ಊಟ ಬಿಟ್ಟು ಕುಡಿದವರಲ್ಲಿ ಅದು ಬರಿದಾಗಿರುತ್ತದೆ. ಅಂಥವರಿಗೆ ಸುಸ್ತು ಅಂತ ಬರೀ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿದರೆ ಉಳಿದ ಚೂರು ಥಯಮಿನ್ ಕೂಡ ಖರ್ಚಾಗಿ ವರ್ನಿಕೆ ಎನ್‌ಸೆಫಲೋಪತಿ ಅನ್ನುವ ಮಿದುಳಿನ ತೊಂದರೆಗೆ ದಾರಿಯಾಗುತ್ತದೆ. ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆಯ ಚಲನೆಯಲ್ಲಿ ತೊಂದರೆ ಇದರ ಮೂರು ಗುರುತು. ಮೂರೂ ಒಟ್ಟಿಗೆ ಕಾಣುವುದು ಅಪರೂಪ, ಒಂದು ಕಂಡರೂ ಹೇಳಿ. ಬಿಟ್ಟರೆ ಅದು ಕೊರ್ಸಕಾಫ್ ಅನ್ನುವ ನೆನಪಿನ ಕಾಯಿಲೆಗೆ ತಿರುಗಬಹುದು. ಆಗ ಹೋದ ನೆನಪು ಬಹುಪಾಲು ವಾಪಸ್ ಬರುವುದಿಲ್ಲ, ಖಾಲಿ ಜಾಗವನ್ನು ರೋಗಿ ಕಟ್ಟುಕಥೆಯಿಂದ ತುಂಬುತ್ತಾನೆ. ಮಲ್ಟಿವಿಟಮಿನ್ ಹಾಕಿದ ಹಳದಿ ಡ್ರಿಪ್ ಓಡುತ್ತಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದರಲ್ಲಿ ಥಯಮಿನ್ ಎಷ್ಟಿದೆ ಅಂತ ಲೇಬಲ್ ಓದಿ. ಶುಗರ್ ನಿಜಕ್ಕೂ ಇಳಿದಿದ್ದರೆ ಮಾತ್ರ ಥಯಮಿನ್‌ಗಾಗಿ ಕಾಯದೆ ಗ್ಲೂಕೋಸನ್ನೂ ಜೊತೆಗೇ ಕೊಡಬೇಕು.

ರಾತ್ರಿ

ಡಿ.ಟಿ. ರಾತ್ರಿ ಹೊತ್ತು ಜಾಸ್ತಿಯಾಗುತ್ತದೆ. ಲೈಟ್ ಆರಿಸಬೇಡಿ. ಅರೆಬೆಳಕಿನಲ್ಲಿ ಡ್ರಿಪ್ ಪೈಪು ಹಾವಾಗುತ್ತದೆ, ಸ್ಟ್ಯಾಂಡಿನ ನೆರಳು ಮನುಷ್ಯನಾಗುತ್ತದೆ. ನರ್ಸಿಂಗ್ ಸ್ಟೇಷನ್‌ಗೆ ಹತ್ತಿರದ ಮಂಚ, ಎರಡೂ ಕಡೆ ರೇಲಿಂಗ್, ಸಕ್ಷನ್ ಮತ್ತು ಆಕ್ಸಿಜನ್ ರೆಡಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕಬೇಡಿ, ಎಷ್ಟು ಹೊತ್ತು ಬಂತು ಅಂತ ಬರೆಯಿರಿ. ಕಬ್ಬಿಣ ಕೈಗಿಡಲು ಮನೆಯವರು ಓಡಿ ಬರುತ್ತಾರೆ, ಬೈಯದೆ ಪಕ್ಕಕ್ಕೆ ಸರಿಸಿ.

"ಮೈಮೇಲೆ ಹುಳ ಹರೀತಿದೆ" ಅಂದರೆ ವಾದ ಬೇಡ, ಹೌದು ಅನ್ನುವುದೂ ಬೇಡ. "ನನಗೆ ಹುಳ ಕಾಣಿಸ್ತಿಲ್ಲ ಅಣ್ಣಾ. ನಿಮಗೆ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ. ಇದು ಆಸ್ಪತ್ರೆ, ನಾನು ಸಿಸ್ಟರ್, ಇಲ್ಲೇ ಇರ್ತೀನಿ." ಇಷ್ಟು ಸಾಕು, ಹತ್ತು ಸಲ ಹೇಳಬೇಕಾಗುತ್ತದೆ ಅಷ್ಟೇ.

ಕೈಕಾಲು ಕಟ್ಟುವ ವಿಷಯ. ಮದ್ಯ ಮತ್ತು ಮಾದಕವಸ್ತುಗಳಿಂದಾದ ಮಾನಸಿಕ ತೊಂದರೆಯೂ 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೇ ಬರುತ್ತದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿ ಪಡೆದು, ಕಾರಣ ಬರೆದು ಕಟ್ಟಬಹುದು. ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ವಾರ್ಡಿನಲ್ಲಿ ಬ್ಯಾಂಡೇಜ್ ಬಟ್ಟೆ ಸುಲಭವಾಗಿ ಕೈಗೆ ಸಿಗುತ್ತದೆ, ಅದೇ ತೊಂದರೆ. ಕಟ್ಟಿದಷ್ಟೂ ರೋಗಿ ಜಗ್ಗಾಡುತ್ತಾನೆ, ಜ್ವರ ಏರುತ್ತದೆ. ಬಹಳ ಸಲ ಬೇಕಾಗಿದ್ದದ್ದು ಇನ್ನೊಂದು ಡೋಸ್ ಮತ್ತು ಪಕ್ಕದಲ್ಲಿ ಒಬ್ಬರು.

ಬ್ರೌನ್ ಶುಗರ್‌ನಂಥ ಓಪಿಯಾಯ್ಡ್‌ಗಳ ವಿತ್‌ಡ್ರಾವಲ್ ಬೇರೆಯೇ. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ರೋಮಾಂಚನ, ಭೇದಿ, ಅಗಲವಾದ ಪಾಪೆ. ನರಳಾಟ ವಿಪರೀತ, ಆದರೆ ಸಾಮಾನ್ಯವಾಗಿ ಜೀವ ಹೋಗುವುದಿಲ್ಲ. ಓವರ್‌ಡೋಸ್ ಇದಕ್ಕೆ ಉಲ್ಟಾ: ಸೂಜಿಮೊನೆಯಂಥ ಪಾಪೆ, ನಿಂತುಹೋಗುವ ಉಸಿರು. ಓಪಿಯಾಯ್ಡ್‌ನ ಪ್ರಭಾವ ತಡೆಯುವ ನಲಾಕ್ಸೋನ್ ಕೊಟ್ಟ ಮೇಲೆ ಎದ್ದು ಕೂತರೂ ಮನೆಗೆ ಬಿಡಬೇಡಿ. ಅದರ ಪ್ರಭಾವ ಬೇಗ ಇಳಿದು ಉಸಿರು ಮತ್ತೆ ನಿಲ್ಲಬಹುದು.

ಮನೆಗೆ ಹೋಗುವಾಗ

ಐದನೇ ದಿನ ನಮ್ಮ ಗಾರೆಯವರು ಇಡ್ಲಿ ತಿನ್ನುತ್ತ "ನಾನೇನಾದ್ರೂ ಅಂದ್ನಾ ಸಿಸ್ಟರ್?" ಅಂತ ಕೇಳಿದರು. ಸಲಹೆ ಕೊಡುವುದಿದ್ದರೆ ಆಗ, ಮೂರನೇ ದಿನ ಅಲ್ಲ. ಪರೀಕ್ಷೆಯಲ್ಲೂ ಮೊದಲ ಆದ್ಯತೆ ಕೇಳಿದರೆ ಸುರಕ್ಷತೆ ಬರೆಯಿರಿ, ಕೌನ್ಸೆಲಿಂಗ್ ಆಮೇಲೆ.

ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಊಟಕ್ಕೆ ಬೆರೆಸೋ ಪುಡಿ ಬರುತ್ತಂತಲ್ಲ ಅಕ್ಕಾ, ಅವ್ರಿಗೆ ಗೊತ್ತಾಗದ ಹಾಗೆ ಹಾಕ್ಬೋದಾ?" ಅಂದರು. ಖಂಡಿತ ಕೂಡದು. ಅಂಥ ಪುಡಿಯಲ್ಲಿ ಏನಿದೆಯೋ ಯಾರು ಬಲ್ಲರು. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಂ ಆಗಿದ್ದರಂತೂ ತಿಳಿಯದೆ ಕುಡಿದವರಿಗೆ ಎದೆಬಡಿತ, ವಾಂತಿ, ಬಿ.ಪಿ. ಕುಸಿತವಾಗಿ ಪ್ರಾಣಕ್ಕೇ ಬರಬಹುದು. ರೋಗಿ ಒಪ್ಪಿ, ಕೊನೆಯ ಪೆಗ್ ಆಗಿ ಕನಿಷ್ಠ 12 ಗಂಟೆಯಾದ ಮೇಲೆಯೇ ಅದನ್ನು ಶುರು ಮಾಡುವುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಮದ್ಯ ತಾಗಬಾರದು, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ. ಇದನ್ನೆಲ್ಲ ಹೇಳಿ, ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿ ಮಾನಸ್ 14416 ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.

ಡಿಸ್ಚಾರ್ಜ್ ಸಮ್ಮರಿ ನೋಡಿದರೆ ಕಾಲಿನ ಫ್ರಾಕ್ಚರ್ ಮಾತ್ರ ಇತ್ತು. ಒಮ್ಮೆ ಡಿ.ಟಿ. ಆದವರಿಗೆ ಮುಂದಿನ ವಿತ್‌ಡ್ರಾವಲ್ ಇನ್ನೂ ಜೋರಾಗಬಹುದು. ಡಾಕ್ಟರ ಹತ್ತಿರ ಹೋಗಿ, "ಸರ್, ಡಿ.ಟಿ. ಅಂತ ಒಂದು ಸಾಲು ಸೇರಿಸ್ತೀರಾ?" ಅಂತ ಕೇಳಿ ಬರೆಸಿಕೊಂಡೆ. ಮುರಿದ ಮೂಳೆಗೆ ಹಾಕಿದ ಪ್ಲೇಟ್ ತೆಗೆಸಲು ಅವರು ಮತ್ತೆ ಬರಬೇಕಿತ್ತು. ಆಗ ಡ್ಯೂಟಿಯಲ್ಲಿ ಬೇರೆ ಯಾರೋ ಇರುತ್ತಾರೆ.