ದುಬೈದಾಗ ನಮ್ಮ ಮಂದಿ ಅದಾರ್ರಿ

ಬೆಳಗಾವಿ ಉದ್ಯಮಬಾಗದ ನನ್ನ ಆಫೀಸಿಗೆ ರಫ್ತಿನ ವಿಚಾರಕ್ಕೆ ಬರುವವರು ಕೂರುವ ಮೊದಲೇ ಈ ಮಾತು ಹೇಳುತ್ತಾರೆ. ಆಮದು-ರಫ್ತಿಗೆ ಬೇಕಾದ ಐಇಸಿ ನಂಬರ್, ರಫ್ತು ಮಂಡಳಿಯ ಸದಸ್ಯತ್ವ ಎಲ್ಲ ಮಾಡಿಸಿಕೊಂಡೇ ಬಂದಿರುತ್ತಾರೆ. ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಈ 'ನಮ್ಮ ಮಂದಿ'ಯದು.

ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ಹೋಗಿಬಂದ ಫೌಂಡ್ರಿ ಮಾಲೀಕರೊಬ್ಬರು ರಬ್ಬರ್ ಬ್ಯಾಂಡ್ ಸುತ್ತಿದ ವಿಸಿಟಿಂಗ್ ಕಾರ್ಡುಗಳ ಕಟ್ಟು ಟೇಬಲ್ ಮೇಲಿಟ್ಟು, "ಇಷ್ಟೂ ಆರ್ಡರ್ ಅಂತ ತಿಳೀರಿ" ಎಂದರು. ಒಂದೊಂದೇ ಎತ್ತಿ ಕೇಳಿದೆ: ಇವರಿಗೆ ಎಷ್ಟು ಕಿಲೋದ ಕಾಸ್ಟಿಂಗ್ ಬೇಕು? ಡ್ರಾಯಿಂಗ್ ಕೊಟ್ಟರೇ? ಮೂರನೇ ಕಾರ್ಡಿಗೆ ಅವರು, "ಚಹಾ ಹೇಳ್ರಿ ಮೊದಲ" ಎಂದರು.

ಅವರಿಗೆ ನಷ್ಟವೇನೂ ಆಗಲಿಲ್ಲ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗೆ ಆಯಿತು. ಭಾವಮೈದುನನ ಪರಿಚಯದವರೆಂದು ದುಬೈಗೆ ಒಂದು ಕಂಟೇನರ್ ಕಳಿಸಿದರು, 90 ದಿನದ ಡಿ/ಎ ಮೇಲೆ. ಬಿಲ್ಲು ಬ್ಯಾಂಕಿನ ಮೂಲಕ ಹೋಗಿದೆ, ದುಡ್ಡಿಗೆ ಬ್ಯಾಂಕೇ ಹೊಣೆ ಎಂದು ನಂಬಿದ್ದರು. ಹಾಗಲ್ಲ. ಡಿ/ಎ ಅಂದರೆ ಗಿರಾಕಿ '90 ದಿನಕ್ಕೆ ದುಡ್ಡು ಕೊಡುತ್ತೇನೆ' ಎಂದು ಬಿಲ್ಲಿಗೆ ಸಹಿ ಹಾಕಿದರೆ ಸಾಕು, ಬ್ಯಾಂಕ್ ದಾಖಲೆ ಕೊಡುತ್ತದೆ. ದಾಖಲೆ ತೋರಿಸಿದರೆ ಬಂದರಿನಿಂದ ಮಾಲು ಬಿಡಿಸಿಕೊಳ್ಳಬಹುದು. ಆಗ ಮಾಲು ಅವನದು, ನಿಮ್ಮ ಕೈಲಿ ಉಳಿಯುವುದು ಅವನ ಸಹಿ. ಇನ್ನೊಮ್ಮೆ ಹೇಳುತ್ತೇನೆ: ಅಲ್ಲಿ ಬ್ಯಾಂಕ್ ಬರೀ ಅಂಚೆಯವನು. ಡಿ/ಪಿಯಲ್ಲಾದರೆ ದುಡ್ಡು ಕಟ್ಟಿದ ಮೇಲಷ್ಟೇ ದಾಖಲೆ. ಗಿರಾಕಿ ಬೇಡವೆಂದರೆ ಬಂದರಿನ ಬಾಡಿಗೆ ನಿಮ್ಮ ತಲೆಗೇ ಬರುತ್ತದೆ, ಅದೂ ನಿಜ. ಆದರೂ ಮಾಲು ನಿಮ್ಮದಾಗೇ ಇರುತ್ತದೆ.

ಹಾಗಂತ ಪರಿಚಯ, ವ್ಯಾಪಾರಿಗಳ ಚೇಂಬರ್, ರಫ್ತು ಮಂಡಳಿಗಳು ದಂಡವಲ್ಲ. ಆ ಕಂಪನಿಯ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಹಿಂದೆ ಮಾಲು ಕೊಟ್ಟವರಿಗೆ ವಾಯಿದೆಗೆ ದುಡ್ಡು ಮುಟ್ಟಿತೇ ಎಂದು ವಿಚಾರಿಸಲು ಅವೇ ಬೇಕು. ನಮ್ಮ ವ್ಯಾಪಾರಿಗಳಿಗೆ ಅದನ್ನು ಕೇಳಲು ಸಂಕೋಚ, "ಹ್ಯಾಂಗ್ ಕೇಳೂದ್ರಿ?" ಗಿರಾಕಿ ದುಡ್ಡು ಕೊಡದಿದ್ದರೆ ಇರಲಿ ಎಂದು, 1957ರಿಂದ ಇರುವ ಸರ್ಕಾರಿ ರಫ್ತು ವಿಮಾ ಕಂಪನಿ ಇಸಿಜಿಸಿಯ ವಿಮೆ ಮಾಡಿಸಿ ಎಂದೂ ಹೇಳುತ್ತೇನೆ. ಆದರೆ ಗುಣಮಟ್ಟದ ಜಗಳವೆದ್ದರೆ ಕ್ಲೇಮು ಸಲೀಸಾಗಿ ಸಿಗದು. ಪಾಲಿಸಿ ಪೂರ್ತಿ ಓದಿಕೊಳ್ಳಿ.

ಒಣದ್ರಾಕ್ಷಿಯವರ ದುಡ್ಡು ಅರ್ಧಕ್ಕರ್ಧ ಬಂತು, ಅದೂ ಎರಡು ವರ್ಷ ಕಾಡಿದ ಮೇಲೆ. ಮೊನ್ನೆ ಫೋನ್ ಮಾಡಿದ್ದರು. ಈ ಸಲ ಪೋಲೆಂಡಿನ ಗಿರಾಕಿಯಂತೆ.

"ಅಲ್ಲಿ ನಮ್ಮ ಮಂದಿ ಯಾರೂ ಇಲ್ರಿ ಸರ್" ಎಂದರು.

ನನಗೆ ಎಷ್ಟೋ ಸಮಾಧಾನವಾಯಿತು.