ಕೆಮ್ಮಿಗೆ ಮುಂಚೆ ಒಂದು ಬಿಗಿತ

ಕೆಮ್ಮು ಬರುವಾಗ ಕಾಲಿಗೆ ಕಾಲು ಕತ್ತರಿ ಹಾಕಿ ನಿಲ್ಲುವ ಹೆಂಗಸರನ್ನು ನೋಡಿದ್ದೀರಾ? ಮೂತ್ರ ಸೋರೀತು ಅನ್ನೋ ಭಯ ಅದು. ಕೇಳಿದರೆ, ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಬಹಳ ಜನಕ್ಕೆ ಆಗುತ್ತದೆ, ನಿಜ. ಹಾಗಂತ ಸುಮ್ನೆ ಸಹಿಸಿಕೊಳ್ಳಬೇಕಿಲ್ಲ. ಇದಕ್ಕೆ ವ್ಯಾಯಾಮ ಇದೆ, ಕೆಲವರಿಗೆ ಸಣ್ಣಗೆ ಕರೆಂಟು ಕೊಡುವ ಯಂತ್ರವೂ ಇದೆ.

ಸೊಂಟದ ಬುಡದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಪೆಲ್ವಿಕ್ ಫ್ಲೋರ್ ಅಂದರೆ ಇವೇ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಇದೇ ಆಸರೆ. ಹೆರಿಗೆಯಲ್ಲಿ ಮಗುವಿನ ತಲೆ ಹಾಯುವಾಗ ಈ ಜೋಲಿ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ.

ಇದನ್ನು ವ್ಯಾಯಾಮದಿಂದ ಗಟ್ಟಿ ಮಾಡಬಹುದು ಅಂತ ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಬರೆದರು. ಕಷ್ಟ ಏನೆಂದರೆ, ಈ ಸ್ನಾಯು ಕಣ್ಣಿಗೆ ಕಾಣುವುದಿಲ್ಲ. ‘ಬಿಗಿ ಹಿಡಿಯಿರಿ’ ಅಂದರೆ ಕೆಲವರು ತೊಡೆ ಬಿಗಿಯುತ್ತಾರೆ. ಕೆಲವರು ಕೆಳಕ್ಕೆ ತಿಣುಕುತ್ತಾರೆ, ಅದು ಪೂರಾ ಉಲ್ಟಾ.

ಆ ಸ್ನಾಯು ಯಾವುದು ಅಂತ ತೋರಿಸಿಕೊಡುವುದೇ ಕರೆಂಟಿನ ನಿಜವಾದ ಕೆಲಸ. ಯೋನಿಯೊಳಗೆ ಇಟ್ಟ ಪುಟ್ಟ ಪ್ರೋಬ್, ಅಂದರೆ ಯಂತ್ರದ ಕರೆಂಟು ಹಾಯಿಸುವ ತುಂಡು, ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ನರ ಎಚ್ಚೆತ್ತು, ಸ್ನಾಯು ತಾನಾಗಿ ಬಿಗಿಯುತ್ತದೆ. ಕೆಮ್ಮಿದಾಗ ಸೋರುವವರಿಗೆ ಸೆಕೆಂಡಿಗೆ 35ರಿಂದ 50 ಮಿಡಿತ ಕೊಡುವುದು ರೂಢಿ. ನಾವಾಗಿ ಬಿಗಿದಾಗ ಮಿದುಳು ಸ್ನಾಯುವಿನ ಎಳೆಗಳನ್ನು ಸರದಿಯಲ್ಲಿ ದುಡಿಸುತ್ತದೆ. ಕರೆಂಟು ಅದೇ ಎಳೆಗಳನ್ನು ಒಟ್ಟಿಗೆ ಮತ್ತೆ ಮತ್ತೆ ಎಬ್ಬಿಸುತ್ತದೆ, ಬೇಗ ದಣಿವಾಗುತ್ತದೆ. ಅದಕ್ಕೇ ನಡುವೆ ಬಿಡುವು ಬೇಕು. ‘ಓ, ಇದಾ ಆ ಸ್ನಾಯು!’ ಅಂತ ಒಮ್ಮೆ ಗೊತ್ತಾದರೆ ಅರ್ಧ ಗೆದ್ದಂತೆ.

ಇನ್ನರ್ಧ ನಮ್ಮದೇ. 1999ರಲ್ಲಿ ನಾರ್ವೆಯ ಸಂಶೋಧಕರು ಹೋಲಿಸಿ ನೋಡಿದಾಗ, ಕರೆಂಟಿಗಿಂತ ವ್ಯಾಯಾಮವೇ ಜಾಸ್ತಿ ಫಲ ಕೊಟ್ಟಿತ್ತು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯೂ ಎಲ್ಲರಿಗೂ ಕರೆಂಟು ಬೇಡ ಅನ್ನುತ್ತದೆ. ತಾವಾಗಿ ಸ್ನಾಯು ಬಿಗಿಯಲಾಗದವರಿಗೆ ಯೋಚಿಸಬಹುದು, ಅಷ್ಟೇ. ವ್ಯಾಯಾಮವನ್ನು ದಿನಕ್ಕೆ 3 ಸಲ, ಸಲಕ್ಕೆ ಕನಿಷ್ಠ 8 ಬಿಗಿತ, 3 ತಿಂಗಳು ಬಿಡದೆ ಮಾಡಿ ಎಂಬುದು ಅದರ ಸಲಹೆ.

ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ಯೋನಿಯಲ್ಲೋ ಮೂತ್ರದಲ್ಲೋ ಸೋಂಕು ಇರುವವರು ಈ ಯಂತ್ರ ಬಳಸಬಾರದು. ಉಳಿದವರೂ ಆನ್‌ಲೈನಿನಲ್ಲಿ ತರಿಸುವ ಮುಂಚೆ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ತೋರಿಸಿಕೊಳ್ಳಿ, ದಯವಿಟ್ಟು.

ಸ್ನಾಯು ಸಿಕ್ಕ ಮೇಲೆ ಇನ್ನೊಂದು ಅಭ್ಯಾಸ ಮಾಡಿ. ಗಂಟಲು ಕೆರೆಯಿತು, ಕೆಮ್ಮು ಬರುತ್ತಿದೆ ಅನ್ನಿಸಿತಾ? ಆಗಲೇ ಬಿಗಿ ಹಿಡಿಯಿರಿ, ಆಮೇಲೆ ಕೆಮ್ಮಿ.