ಡಾರ್ಕ್ ಎನರ್ಜಿಯ ಹಿಂದೆ ಒಂದು ಕಣವಿದ್ದರೆ ಅದು ಇನ್ನೂ ಏಕೆ ಸಿಕ್ಕಿಲ್ಲ?

ಪ್ರಶ್ನೆ: ವಿಶ್ವದ ಶೇ 68ರಷ್ಟು ಡಾರ್ಕ್ ಎನರ್ಜಿ ಅನ್ನುತ್ತಾರೆ. ಅದಕ್ಕೆ ಯಾವುದೋ ಕಣ ಕಾರಣವಾಗಿದ್ದರೆ ಪ್ರಯೋಗಾಲಯದಲ್ಲಿ ಈ ಹೊತ್ತಿಗೆ ಕಾಣಬೇಕಿತ್ತಲ್ಲವೇ?

ಉತ್ತರ: ಕಣವೇ ಇರಬೇಕೆಂದೇನೂ ಇಲ್ಲ. 1998ರಲ್ಲಿ ಎರಡು ತಂಡಗಳು ದೂರದಲ್ಲಿ ಸಿಡಿದ ನಕ್ಷತ್ರಗಳಾದ ಸೂಪರ್‌ನೋವಾಗಳನ್ನು ಅಳೆದಾಗ ಅವು ಲೆಕ್ಕಕ್ಕಿಂತ ಮಂಕಾಗಿದ್ದವು. ವಿಶ್ವ ಹಿಗ್ಗುವ ವೇಗ ಏರುತ್ತಿದೆ ಎಂದು ತಿಳಿದದ್ದು ಹಾಗೆ. ಈ ಏರಿಕೆಯ ಹಿಂದಿರುವುದು ಏನೇ ಇರಲಿ, ಅದಕ್ಕೆ ಇಟ್ಟ ಹೆಸರೇ ಡಾರ್ಕ್ ಎನರ್ಜಿ. ಖಾಲಿ ಜಾಗಕ್ಕೇ ಬದಲಾಗದ ಶಕ್ತಿಯೊಂದಿದೆ ಅಂದುಕೊಂಡರೆ ಇದಕ್ಕೆ ವಿವರಣೆ ಸಿಗುತ್ತದೆ. ಆದರೆ ಆ ಶಕ್ತಿಯನ್ನು ಕ್ವಾಂಟಂ ಸಿದ್ಧಾಂತದಿಂದ ಲೆಕ್ಕ ಹಾಕಿದರೆ ಉತ್ತರ ಸುಮಾರು 10ರ 120ನೇ ಘಾತದಷ್ಟು ಪಟ್ಟು ಹೆಚ್ಚು ಬರುತ್ತದೆ! ಹಾಗಾಗಿಯೇ ಜಾಗವನ್ನೆಲ್ಲ ತುಂಬಿಕೊಂಡು ಕಾಲಕ್ಕೆ ತಕ್ಕಂತೆ ಬದಲಾಗುವ ಒಂದು ಕ್ಷೇತ್ರ, ಅದರದೇ ಕಣ ಎಂಬ ಯೋಚನೆ ಹುಟ್ಟಿತು.

ತೊಡಕು ಇಲ್ಲಿದೆ. ಅಂಥ ಕಣ ತೀರಾ ಹಗುರವಾಗಿರಬೇಕು. ಹಗುರ ಕಣ ವಸ್ತುಗಳನ್ನು ತಾಕಿದರೆ ಬಹುದೂರ ಮುಟ್ಟುವ ಹೊಸ ಬಲ ಹುಟ್ಟುತ್ತದೆ, ಗ್ರಹಗಳ ಚಲನೆಯಲ್ಲೇ ಅದು ಗೊತ್ತಾಗಬೇಕಿತ್ತು. 2004ರಲ್ಲಿ ಜಸ್ಟಿನ್ ಖೌರಿ ಮತ್ತು ಅಮಾಂಡಾ ವೆಲ್ಟ್‌ಮನ್ ಒಂದು ದಾರಿ ತೋರಿಸಿದರು: ಈ ಕಣದ ತೂಕ ಸುತ್ತಲಿನ ಸಾಂದ್ರತೆಗೆ ತಕ್ಕಂತೆ ಬದಲಾಗುತ್ತದೆ. ಭೂಮಿಯಂಥ ದಟ್ಟ ಜಾಗದಲ್ಲಿ ಭಾರ, ಹಾಗಾಗಿ ಬಲದ ವ್ಯಾಪ್ತಿ ತೀರಾ ಕಿರಿದು. ಬಾಹ್ಯಾಕಾಶದ ಬಯಲಿನಲ್ಲಿ ಹಗುರ. ಇದಕ್ಕೇ ಊಸರವಳ್ಳಿ ಕಣ ಎಂದು ಹೆಸರು.

ನನಗೆ ಬಹಳ ಹಿಡಿಸುವುದು ಇದನ್ನು ಹುಡುಕಿದ ರೀತಿ. 2015ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಹೋಲ್ಗರ್ ಮ್ಯೂಲರ್ ತಂಡ ನಿರ್ವಾತ ಕೋಣೆಯೊಳಗೆ ಸಣ್ಣ ಅಲ್ಯೂಮಿನಿಯಂ ಗೋಲ ಇಟ್ಟು, ಅದರ ಪಕ್ಕದಲ್ಲೇ ತಣ್ಣಗಾಗಿಸಿದ ಸೀಸಿಯಂ ಪರಮಾಣುಗಳನ್ನು ಬೀಳಬಿಟ್ಟಿತು. ದೊಡ್ಡ ವಸ್ತುವಿನಲ್ಲಿ ಈ ಬಲ ಹೊರಪದರದಿಂದಷ್ಟೇ ಹೊರಡುತ್ತದೆ. ಒಂಟಿ ಪರಮಾಣು ಅದನ್ನು ಮರೆಮಾಚಲಾರದಷ್ಟು ಚಿಕ್ಕದು, ಹಾಗಾಗಿ ಬಲ ಇದ್ದರೆ ಅದರ ಮೇಲೆ ಪೂರ್ತಿ ಕಾಣಬೇಕು. ಲೇಸರ್‌ನಿಂದ ಪ್ರತಿ ಪರಮಾಣುವಿನ ಅಲೆಯನ್ನು ಎರಡು ಹಾದಿಗಳಲ್ಲಿ ಕಳಿಸಿ, ಮತ್ತೆ ಕೂಡಿಸಿ, ಗೋಲದ ಕಡೆಗೆ ಹೆಚ್ಚಿನ ಸೆಳೆತವಿದೆಯೇ ಎಂದು ನೋಡಿದರು. ಇರಲಿಲ್ಲ. ಊಸರವಳ್ಳಿ ಕಣದ ಎಷ್ಟೋ ಸಾಧ್ಯತೆಗಳು ಅಲ್ಲಿಗೇ ಮುಗಿದವು.

2020ರಲ್ಲಿ ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಕ್ಸೆನಾನ್1ಟಿ ಎಂಬ, ಕಾಣದ ಕಣಗಳನ್ನು ಹುಡುಕುವ ಯಂತ್ರ ನಿರೀಕ್ಷೆಗಿಂತ ಹೆಚ್ಚು ಸಂಕೇತಗಳನ್ನು ಕಂಡಿತು. ಸೂರ್ಯನಿಂದ ಬಂದ ಊಸರವಳ್ಳಿ ಕಣಗಳಿರಬಹುದೇ ಎಂದು ಕೆಲವರು ಕೇಳಿದರು. 2022ರಲ್ಲಿ ಇನ್ನೂ ಸೂಕ್ಷ್ಮವಾದ ಕ್ಸೆನಾನ್‌ಎನ್‌ಟಿಯಲ್ಲಿ ಆ ಹೆಚ್ಚಳ ಕಾಣಲೇ ಇಲ್ಲ.

ಹಾಗೆಂದು ಕ್ಷೇತ್ರದ ಯೋಚನೆಯನ್ನು ಬಿಟ್ಟುಬಿಡುವ ಕಾಲ ಬಂದಿಲ್ಲ. ಗ್ಯಾಲಕ್ಸಿಗಳ ನಕ್ಷೆ ಮಾಡುತ್ತಿರುವ ಅಮೆರಿಕದ ಅರಿಝೋನಾದ ಡೆಸಿ ಸಮೀಕ್ಷೆ 2024 ಮತ್ತು 2025ರಲ್ಲಿ ಕೊಟ್ಟ ಅಳತೆಗಳಲ್ಲಿ ಡಾರ್ಕ್ ಎನರ್ಜಿ ದುರ್ಬಲವಾಗುತ್ತಿರುವ ಸುಳಿವಿದೆ. ಅದನ್ನು ಶೋಧ ಎನ್ನುವಷ್ಟು ಪುರಾವೆ ಇನ್ನೂ ಕೂಡಿಲ್ಲ. ಕೂಡಿದರೆ, ಬದಲಾಗದ ಶಕ್ತಿ ಎಂಬ ಸರಳ ವಿವರಣೆ ನಿಲ್ಲುವುದಿಲ್ಲ.